ಒಂದು ಬಸಿರು, ಮೂರು ಡೇಟು

ನಮ್ಮ ಬೀದಿಯ ತುದಿಯಲ್ಲಿ ಅಪಾರ್ಟ್‌ಮೆಂಟ್ ಒಂದು ಏಳುತ್ತಿತ್ತು. ಅದರ ಪಕ್ಕದ ನೀಲಿ ಶೀಟಿನ ಶೆಡ್ಡಿನಲ್ಲಿ ಶಹಾಪುರದ ಕಡೆಯಿಂದ ಬಂದ ಗಂಡ ಹೆಂಡತಿ ಇದ್ದರು. ಅವನು ವಾಚ್‌ಮನ್. ಅವಳು ಮರಳು, ಜಲ್ಲಿ ಹೊರುತ್ತಿದ್ದಳು. ಬಸುರಿಯಾಗಿ ಐದು ತಿಂಗಳವರೆಗೂ ಹೊತ್ತಳು. ಸೆಪ್ಟೆಂಬರ್ ಕೊನೆಯ ಒಂದು ಸಂಜೆ ಪ್ಲಾಸ್ಟಿಕ್ ಕವರ್ ಹಿಡಿದು ನಮ್ಮ ಗೇಟಿಗೆ ಬಂದಳು. ಒಳಗೆ ತಾಯಿ ಕಾರ್ಡ್, ಎರಡು ಸ್ಕ್ಯಾನಿಂಗ್ ರಿಪೋರ್ಟ್. "ಅಕ್ಕಾ, ಇದ್ರಾಗ ಯಾವ ಡೇಟ್ ಖರೆ?" ಎಂದು ಕೇಳಿದಳು.

ಕಾರ್ಡಿನಲ್ಲಿ ಹೆರಿಗೆಯ ದಿನ ಅಕ್ಟೋಬರ್ 27 ಎಂದಿತ್ತು. ಅದು ಕೊನೆಯ ಮುಟ್ಟಿನ ಲೆಕ್ಕ. ಜೂನ್ 9ರ ಸ್ಕ್ಯಾನ್ ನವೆಂಬರ್ 7 ಎಂದಿತ್ತು. ಸೆಪ್ಟೆಂಬರ್ 22ರ ಸ್ಕ್ಯಾನ್ ನವೆಂಬರ್ 23 ಎಂದಿತ್ತು. ಮೊದಲನೆಯದಕ್ಕೂ ಕೊನೆಯದಕ್ಕೂ 27 ದಿನದ ಅಂತರ. ನಾಲ್ಕು ವಾರಕ್ಕೆ ಒಂದೇ ದಿನ ಕಡಿಮೆ. ಹೊಟ್ಟೆಯಲ್ಲಿರುವ ಮಗು ಒಂದೇ ಅಲ್ವಾ?

ನಾನು ಡಾಕ್ಟರ್ ಅಲ್ಲ. ಆರೋಗ್ಯದ ವಿಷಯ ಓದಿ ಬರೆಯುವವಳು. ಅವಳಿಗೆ ಆ ಸಂಜೆ ಹೇಳಬಹುದಾಗಿದ್ದು ಇಷ್ಟೇ: ಈ ಕವರ್ ಸಮೇತ ನಾಳೆಯೇ ದೊಡ್ಡ ಆಸ್ಪತ್ರೆಗೆ ಹೋಗು, ಮೂರೂ ಡೇಟನ್ನು ಡಾಕ್ಟರಿಗೆ ತೋರಿಸು. ಆದರೆ ಅವಳ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬೆಂಗಳೂರಿನಂಥ ಊರಲ್ಲಿ, ರಸ್ತೆಗೊಂದು ಸ್ಕ್ಯಾನಿಂಗ್ ಸೆಂಟರ್ ಇರುವ ಊರಲ್ಲಿ, ಒಬ್ಬ ಬಸುರಿಗೆ ತನಗೆ ಎಷ್ಟು ವಾರ ಎಂಬುದೇ ಗೊತ್ತಿಲ್ಲ ಅಂದರೆ ಕೊರತೆ ಇರುವುದು ಎಲ್ಲಿ?

ವಾರದ ಲೆಕ್ಕ ಯಾಕಿಷ್ಟು ಮುಖ್ಯ ಅನ್ನುವುದನ್ನು ಮೊದಲು ನೋಡೋಣ. ಬಸಿರಿನ ಲೆಕ್ಕ ಒಟ್ಟು 40 ವಾರ, ಅಂದರೆ 280 ದಿನ. 37 ವಾರ ತುಂಬುವ ಮೊದಲು ಹುಟ್ಟಿದರೆ ಅದು ದಿನ ತುಂಬದ ಮಗು. ನೋವು ಬೇಗ ಶುರುವಾದರೆ ತಡೆಯಲು ನೋಡಬೇಕಾ ಬಿಡಬೇಕಾ, ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಇಂಜೆಕ್ಷನ್ ಕೊಡಬೇಕಾ, ಎನ್‌ಐಸಿಯು, ಅಂದರೆ ಎಳೆ ಕೂಸುಗಳ ತೀವ್ರ ನಿಗಾ ಘಟಕ ಇರುವ ಆಸ್ಪತ್ರೆಗೆ ಕಳಿಸಬೇಕಾ, ದಿನ ದಾಟಿದೆ ಎಂದು ನೋವು ಬರಿಸಬೇಕಾ, ಎಲ್ಲದಕ್ಕೂ ಉತ್ತರ ವಾರದ ಮೇಲೆ ನಿಂತಿದೆ. ಗರ್ಭಪಾತದ ಕಾನೂನು ಕೂಡ ವಾರದ ಮೇಲೆಯೇ ನಿಂತಿದೆ. 2021ರ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, 20ರಿಂದ 24ರವರೆಗೆ ಕೆಲವು ವರ್ಗದ ಹೆಂಗಸರಿಗೆ ಮಾತ್ರ, ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಅವಕಾಶ. ಎಂಟು ಹತ್ತು ದಿನದ ತಪ್ಪು ಲೆಕ್ಕ ಅಲ್ಲಿ ಬಾಗಿಲು ಮುಚ್ಚಿಬಿಡಬಹುದು.

ಹಾಗಿದ್ದರೂ ಈ ಲೆಕ್ಕವನ್ನು ನಾವು ಶುರು ಮಾಡುವುದು ನೆನಪಿನಿಂದ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು, ಏಳು ದಿನ ಸೇರಿಸಿದರೆ ಹೆರಿಗೆಯ ದಿನ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ನೇಗಲೆ ಅವರ ಹೆಸರಿನಲ್ಲಿರುವ ಈ ಸೂತ್ರ ಇವತ್ತಿಗೂ ಎಲ್ಲ ಕಾರ್ಡಿನ ಮೇಲೂ ಇದೆ. ಮುಟ್ಟು 28 ದಿನಕ್ಕೊಮ್ಮೆ ತಪ್ಪದೆ ಬರುತ್ತದೆ, 14ನೇ ದಿನಕ್ಕೆ ಅಂಡ ಬಿಡುಗಡೆಯಾಗುತ್ತದೆ ಎಂದು ಅದು ನಂಬಿಕೊಂಡಿದೆ. ಎಷ್ಟು ಜನರಿಗೆ ಹಾಗಿರುತ್ತದೆ? ಪಿಸಿಒಡಿ ಎಂಬ ಅಂಡಾಶಯದ ತೊಂದರೆ ಇರುವವರಿಗೆ ತಿಂಗಳೇ ತಪ್ಪುತ್ತದೆ. ಮೊದಲ ಮಗುವಿಗೆ ಹಾಲು ಕುಡಿಸುತ್ತಿರುವಾಗ, ಮುಟ್ಟು ಮತ್ತೆ ಶುರುವಾಗುವ ಮೊದಲೇ ಎರಡನೆಯದು ನಿಲ್ಲುತ್ತದೆ. ಬಸಿರು ನಿಂತ ಮೇಲೆ ಕಾಣುವ ಸ್ವಲ್ಪ ರಕ್ತವನ್ನೇ ಕೆಲವರು ಮುಟ್ಟು ಎಂದುಕೊಳ್ಳುತ್ತಾರೆ. ಆಗ ಒಂದು ತಿಂಗಳೇ ಲೆಕ್ಕದಿಂದ ಜಾರಿಹೋಗುತ್ತದೆ.

ತಾರೀಖು ನೆನಪಿಡುವ ಅಭ್ಯಾಸವೂ ಎಲ್ಲರಿಗೂ ಇಲ್ಲ. ಇದನ್ನು ಅನುಭವ ಇರುವ ಆಶಾ ಕಾರ್ಯಕರ್ತೆಯರು ಚೆನ್ನಾಗಿ ಬಲ್ಲರು. "ಎಷ್ಟನೇ ತಾರೀಖು?" ಎಂದು ಕೇಳಿದರೆ "ಹತ್ತು", "ಹದಿನೈದು" ಎಂದು ದುಂಡನೆಯ ಸಂಖ್ಯೆ ಬರುತ್ತದೆ. "ಹಬ್ಬಕ್ಕೆ ಮೊದಲಾ ಆಮೇಲಾ? ಅಮಾವಾಸ್ಯೆ ಹಿಂದಾ ಮುಂದಾ? ಪೂಜೆಗೆ ಕೂತಿದ್ಯಾ, ಹೊರಗಿದ್ಯಾ?" ಎಂದು ಕೇಳಿದರೆ ನಿಜಕ್ಕೆ ಹತ್ತಿರದ ಉತ್ತರ ಸಿಗುತ್ತದೆ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆಯ ದಿನ, ಪೇಟೆಯಲ್ಲಿ ಕರಗದ ರಾತ್ರಿ, ಊರಿನ ಜಾತ್ರೆ, ಇವೆಲ್ಲ ನಮ್ಮ ಹೆಂಗಸರ ಕ್ಯಾಲೆಂಡರ್. ಶಹಾಪುರದ ಹುಡುಗಿಯೂ "ಸಂಕ್ರಾಂತಿ ಆದ ಮ್ಯಾಲೆ ಒಂದ್ ನಾಕೈದ್ ದಿನಕ್ಕ" ಎಂದೇ ಹೇಳಿದ್ದಳಂತೆ. ಅದು ಜನವರಿ 20 ಎಂದು ಕಾರ್ಡಿಗೆ ಇಳಿಯಿತು. ಅಲ್ಲಿಂದ ಅಕ್ಟೋಬರ್ 27.

ಹೊಟ್ಟೆ ಮುಟ್ಟಿ ನೋಡಿ ಹೇಳುವ ಪದ್ಧತಿಯೂ ಇದೆ. 20 ವಾರಕ್ಕೆ ಗರ್ಭಕೋಶದ ಮೇಲಂಚು ಹೊಕ್ಕಳ ಹತ್ತಿರ ಬರುತ್ತದೆ. ಆಮೇಲೆ ಟೇಪು ಹಿಡಿದು ಅಳೆದರೆ ಎಷ್ಟು ಸೆಂಟಿಮೀಟರೋ ಸುಮಾರು ಅಷ್ಟು ವಾರ. ಬೇರೆ ಏನೂ ಇಲ್ಲದ ಕಡೆ ಇದು ಕೈಗೆ ಸಿಗುವ ಒಳ್ಳೆಯ ಉಪಾಯ. ಆದರೆ ಅವಳಿ ಮಕ್ಕಳಿದ್ದರೆ, ನೀರು ಜಾಸ್ತಿ ಇದ್ದರೆ, ತಾಯಿ ದಪ್ಪ ಇದ್ದರೆ ಟೇಪು ಜಾಸ್ತಿ ಹೇಳುತ್ತದೆ. ಮಗು ಸಣ್ಣದಿದ್ದರೆ ಕಡಿಮೆ ಹೇಳುತ್ತದೆ.

ಈಗ ಸ್ಕ್ಯಾನಿಂಗ್ ವಿಷಯಕ್ಕೆ ಬರೋಣ. ಅದರಲ್ಲಿ ಎಕ್ಸ್‌ರೇ ಇಲ್ಲ, ಇರುವುದು ಬರೀ ಶಬ್ದ. ನಮ್ಮ ಕಿವಿಗೆ ಕೇಳದ, ಸೆಕೆಂಡಿಗೆ 20ರಿಂದ 50 ಲಕ್ಷ ಸಲ ಕಂಪಿಸುವ ಶಬ್ದ. ಹೊಟ್ಟೆಯ ಮೇಲಿಡುವ ಪ್ರೋಬ್ ಅದನ್ನು ಒಳಗೆ ಕಳಿಸುತ್ತದೆ, ಮರಳಿ ಬರುವ ಪ್ರತಿಧ್ವನಿಯನ್ನು ಹಿಡಿಯುತ್ತದೆ. ಮೈಯೊಳಗೆ ಶಬ್ದ ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಲ್ಲಿ ಹೋಗುತ್ತದೆ. ಹಾಗಾಗಿ ಪ್ರತಿಧ್ವನಿ ಎಷ್ಟು ಹೊತ್ತಿಗೆ ಬಂತು ಅನ್ನುವುದರಿಂದ ದೂರ ಗೊತ್ತಾಗುತ್ತದೆ. ದೂರ ಗೊತ್ತಾದರೆ ಮಗುವಿನ ಉದ್ದ ಗೊತ್ತಾಗುತ್ತದೆ. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಯಂತ್ರಕ್ಕೆ ಮಗುವಿನ ವಯಸ್ಸು ಕಾಣುವುದಿಲ್ಲ. ಅದಕ್ಕೆ ಕಾಣುವುದು ಅಳತೆ ಮಾತ್ರ. "ಇಷ್ಟು ಉದ್ದದ ಮಗುವಿಗೆ ಸಾಮಾನ್ಯವಾಗಿ ಇಷ್ಟು ವಾರ" ಎಂಬ ಕೋಷ್ಟಕವನ್ನು ನೋಡಿ ಅದು ಡೇಟ್ ಅಚ್ಚು ಹಾಕುತ್ತದೆ.

ರಾಗಿ ಹೊಲ ನೋಡಿದವರಿಗೆ ಮುಂದಿನ ಮಾತು ಸುಲಭ. ಮೊಳಕೆ ಒಡೆದ ಮೊದಲ ವಾರ ಎಲ್ಲರ ಹೊಲದಲ್ಲೂ ಪೈರಿಗೆ ಹೆಚ್ಚುಕಮ್ಮಿ ಒಂದೇ ಎತ್ತರ. ನೋಡಿದ ಕೂಡಲೇ ಬಿತ್ತಿ ಎಷ್ಟು ದಿನವಾಯಿತು ಎಂದು ಹೇಳಬಹುದು. ಎರಡು ತಿಂಗಳಾದ ಮೇಲೆ ಗೊಬ್ಬರ ಬಿದ್ದ ಹೊಲ ಸೊಂಟದವರೆಗೆ, ಮಳೆ ಸಿಗದ ಹೊಲ ಮೊಣಕಾಲಿನವರೆಗೆ. ಆಗ ಎತ್ತರ ನೋಡಿ ಬಿತ್ತಿದ ದಿನ ಹೇಳಲು ಹೋದರೆ ತಪ್ಪುತ್ತೇವೆ. ಮಗುವೂ ಹಾಗೇ. ಮೊದಲ ಮೂರು ತಿಂಗಳು ಬಡವರ ಮಗುವೂ ಸಿರಿವಂತರ ಮಗುವೂ ಸರಿಸುಮಾರು ಒಂದೇ ವೇಗದಲ್ಲಿ ಬೆಳೆಯುತ್ತದೆ. ತಲೆಯಿಂದ ಕುಂಡೆಯವರೆಗಿನ ಉದ್ದ 8 ವಾರಕ್ಕೆ ಸುಮಾರು ಒಂದೂವರೆ ಸೆಂಟಿಮೀಟರ್, 12 ವಾರಕ್ಕೆ ಸುಮಾರು ಐದೂವರೆ. ಈ ಉದ್ದದಿಂದ ವಯಸ್ಸು ಹೇಳುವುದನ್ನು 1973ರಲ್ಲಿ ಗ್ಲಾಸ್ಗೋ ನಗರದ ಹ್ಯೂ ರಾಬಿನ್ಸನ್ ತೋರಿಸಿಕೊಟ್ಟರು. ಐವತ್ತು ವರ್ಷ ಕಳೆದರೂ ಇದಕ್ಕಿಂತ ನಂಬಿಕೆಯ ಅಳತೆ ಬಂದಿಲ್ಲ.

14 ವಾರದೊಳಗೆ ಮಾಡಿದ ಸ್ಕ್ಯಾನ್ ಐದರಿಂದ ಏಳು ದಿನದ ಒಳಗೆ ಸರಿ ಹೇಳುತ್ತದೆ. ಆಮೇಲೆ ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆಯ ಮೂಳೆಯ ಉದ್ದ ಹಿಡಿದು ಹೇಳಬೇಕು. 22 ವಾರದ ಹೊತ್ತಿಗೆ ತಪ್ಪು ಸುಮಾರು ಹತ್ತು ದಿನಕ್ಕೆ ಹೋಗುತ್ತದೆ, 28ರ ಹೊತ್ತಿಗೆ ಎರಡು ವಾರಕ್ಕೆ. ಏಳನೇ ತಿಂಗಳು ದಾಟಿದ ಮೇಲೆ ಮೂರರಿಂದ ನಾಲ್ಕು ವಾರ ಆಚೀಚೆ ಆಗಬಹುದು. ಯಂತ್ರ ಎಷ್ಟೇ ದುಬಾರಿಯದಾಗಲಿ, ನೋಡುವವರು ಎಷ್ಟೇ ಅನುಭವಿಗಳಾಗಲಿ, ಈ ತಪ್ಪು ಹೋಗುವುದಿಲ್ಲ. ಯಾಕಂದರೆ ತಪ್ಪು ಯಂತ್ರದಲ್ಲಿಲ್ಲ. ಅಷ್ಟು ಹೊತ್ತಿಗೆ ಮಕ್ಕಳೇ ಬೇರೆ ಬೇರೆ ಗಾತ್ರಕ್ಕೆ ಬೆಳೆದಿರುತ್ತವೆ.

ನಮ್ಮ ದೇಶದ ಮಟ್ಟಿಗೆ ಇದು ಇನ್ನೂ ದೊಡ್ಡ ತೊಡಕು. ಊಟ ಸಾಲದ, ರಕ್ತ ಕಡಿಮೆ ಇರುವ, ಕೊನೆವರೆಗೂ ದುಡಿಯುವ ತಾಯಂದಿರ ಹೊಟ್ಟೆಯಲ್ಲಿ ಮಗು ಸಣ್ಣದಾಗಿ ಬೆಳೆಯುವುದು ಇಲ್ಲಿ ತುಂಬ ಸಾಮಾನ್ಯ. ಎಂಟನೇ ತಿಂಗಳಲ್ಲಿ ಮೊದಲ ಸಲ ಸ್ಕ್ಯಾನ್ ಮಾಡಿ "ಇನ್ನೂ 31 ವಾರ" ಅಂದರೆ ಎರಡು ಅರ್ಥ ಸಾಧ್ಯ. ನಿಜಕ್ಕೂ 31 ವಾರ ಆಗಿರಬಹುದು. ಅಥವಾ 33 ವಾರ ಆಗಿದ್ದು ಮಗು ಬೆಳೆಯದೆ ಇರಬಹುದು. ಮೊದಲನೆಯದಾದರೆ ಚಿಂತೆ ಇಲ್ಲ. ಎರಡನೆಯದಾದರೆ ಮಗುವಿಗೆ ಹೊಕ್ಕಳ ಬಳ್ಳಿಯಿಂದ ರಕ್ತ ಸರಿಯಾಗಿ ಹೋಗುತ್ತಿದೆಯಾ ಎಂದು ಅವತ್ತೇ ನೋಡಬೇಕು. ಆ ಒಂದೇ ಸ್ಕ್ಯಾನ್ ಹಿಡಿದು ಇವೆರಡನ್ನು ಬೇರೆ ಮಾಡುವುದು ಬಹಳ ಕಷ್ಟ. ಕಿರುಮೆದುಳಿನ ಅಡ್ಡಳತೆ ನೋಡುವ ಒಂದು ದಾರಿ ಇದೆ, ಮಗು ಸೊರಗಿದರೂ ಅದು ಅಷ್ಟಾಗಿ ಸೊರಗುವುದಿಲ್ಲ. ಆದರೆ ಅದಕ್ಕೆ ಪಳಗಿದ ಕೈ ಬೇಕು, ಗಡಿಬಿಡಿಯ ಸಾಲಿನಲ್ಲಿ ಅಷ್ಟು ವ್ಯವಧಾನ ಸಿಗುವುದು ಅಪರೂಪ.

ಶಹಾಪುರದ ಹುಡುಗಿಯ ಕವರಿನಲ್ಲಿದ್ದದ್ದು ಇದೇ ಕಥೆ. ಜೂನ್ 9ಕ್ಕೆ ಅವಳ ಮುಟ್ಟಿನ ಲೆಕ್ಕದಲ್ಲಿ 20 ವಾರ. ಸ್ಕ್ಯಾನ್ ಹೇಳಿದ್ದು 18 ವಾರ 3 ದಿನ. ಹನ್ನೊಂದು ದಿನದ ವ್ಯತ್ಯಾಸ. ಅಮೆರಿಕದ ಹೆರಿಗೆ ತಜ್ಞರ ಕಾಲೇಜು 2017ರಲ್ಲಿ ಹೇಳಿರುವ ನಿಯಮದ ಪ್ರಕಾರ, 16ರಿಂದ 22 ವಾರದ ಒಳಗೆ ಹತ್ತು ದಿನಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಸ್ಕ್ಯಾನಿನ ಡೇಟನ್ನೇ ಹಿಡಿಯಬೇಕು. ಹಾಗಾಗಿ ನವೆಂಬರ್ 7 ಸರಿ. ಒಮ್ಮೆ ಹಿಡಿದ ಮೇಲೆ ಮತ್ತೆ ಬದಲಿಸಬಾರದು. ಸೆಪ್ಟೆಂಬರ್ 22ಕ್ಕೆ ಆ ಲೆಕ್ಕದಲ್ಲಿ 33 ವಾರ 3 ದಿನ ಆಗಬೇಕಿತ್ತು. ಸ್ಕ್ಯಾನ್ ಹೇಳಿದ್ದು 31 ವಾರ 1 ದಿನ. ಅಂದರೆ ಮಗು ಎರಡು ವಾರದಷ್ಟು ಹಿಂದೆ ಬಿದ್ದಿದೆ ಎಂದು ಆ ರಿಪೋರ್ಟ್ ಹೇಳುತ್ತಿತ್ತು. ಆದರೆ ಕೆಳಗೆ ಅಚ್ಚಾಗಿದ್ದು "ಹೆರಿಗೆ ದಿನ ನವೆಂಬರ್ 23". ಜೂನ್ ತಿಂಗಳ ರಿಪೋರ್ಟನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಎಚ್ಚರಿಕೆಯ ಗಂಟೆ ಹೊಸ ಡೇಟಿನ ಹಿಂದೆ ಅಡಗಿ ಕೂತಿತ್ತು.

ನನಗೆ ಈ ಇಡೀ ವಿಷಯದಲ್ಲಿ ತುಂಬ ನೋವಾಗುವುದು ಇಲ್ಲೇ. ಪ್ರತಿ ಸ್ಕ್ಯಾನಿಗೂ ಯಂತ್ರ ತಾನಾಗಿ ಒಂದು ಹೊಸ ಡೇಟ್ ಕೊಡುತ್ತದೆ. ತಾಯಿ ಅದನ್ನು ನಂಬುತ್ತಾಳೆ. "ಡೇಟ್ ಮುಂದೆ ಹೋಯ್ತಂತೆ" ಎಂದು ಮನೆಯವರು ನಿರಾಳವಾಗುತ್ತಾರೆ. ಡೇಟ್ ಮುಂದೆ ಹೋಗುವುದಿಲ್ಲ. ಮಗು ಯಾವತ್ತು ನಿಂತಿತೋ ಅವತ್ತೇ ಅದು ತೀರ್ಮಾನವಾಗಿದೆ.

ತಪ್ಪು ಲೆಕ್ಕದಿಂದ ಏನಾಗಬಹುದು ಎಂಬುದಕ್ಕೆ ನಮ್ಮ ಬೆಳಗಾವಿಯೂ ಪಾಲುಗೊಂಡ ಎರಡು ದೊಡ್ಡ ಅಧ್ಯಯನಗಳು ಸಾಕ್ಷಿ. ದಿನ ತುಂಬುವ ಮೊದಲೇ ಹೆರಿಗೆ ಆಗುವ ಹಾಗಿದ್ದರೆ ತಾಯಿಗೆ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಸಿರಿವಂತ ದೇಶಗಳಲ್ಲಿ ಇದು ದಶಕಗಳಿಂದ ಜೀವ ಉಳಿಸಿದೆ, ಬೆಲೆಯೂ ತೀರಾ ಕಡಿಮೆ. ಹಾಗಾದರೆ ಇದನ್ನು ಬಡ ದೇಶಗಳ ಹಳ್ಳಿ ಹಳ್ಳಿಗೂ ಒಯ್ಯೋಣ ಎಂದು ಆರು ದೇಶಗಳಲ್ಲಿ ಪ್ರಯೋಗ ನಡೆಯಿತು. ನಮ್ಮಲ್ಲಿ ಬೆಳಗಾವಿ ಮತ್ತು ನಾಗಪುರದಲ್ಲಿ. ಸುಮಾರು ಒಂದು ಲಕ್ಷ ಹೆರಿಗೆ. ಅನೇಕ ತಾಯಂದಿರಿಗೆ ಪಕ್ಕಾ ವಾರ ಗೊತ್ತಿರಲಿಲ್ಲ. ಬಣ್ಣದ ಪಟ್ಟಿ ಇರುವ ಟೇಪಿನಿಂದ ಹೊಟ್ಟೆ ಅಳೆದು ಅಂದಾಜು ಮಾಡಿದರು. 2015ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗೂ ಆಘಾತ. ಕಡಿಮೆ ತೂಕದಲ್ಲಿ ಹುಟ್ಟಿದ ಸಣ್ಣ ಮಕ್ಕಳ ಸಾವು ಕಡಿಮೆಯಾಗಲಿಲ್ಲ. ಒಟ್ಟು ಮಕ್ಕಳಲ್ಲಿ ಸಾವು ಸಾವಿರಕ್ಕೆ ಮೂರೂವರೆಯಷ್ಟು ಜಾಸ್ತಿಯಾಗಿತ್ತು. ಇಂಜೆಕ್ಷನ್ ಪಡೆದವರಲ್ಲಿ ಹೆಚ್ಚಿನವರಿಗೆ ಹುಟ್ಟಿದ್ದು ಸಣ್ಣ ಮಗುವೇ ಆಗಿರಲಿಲ್ಲ. ಬೇಡದವರಿಗೆ ಮದ್ದು ಹೋಗಿತ್ತು.

ಇದಾದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ಪ್ರಯೋಗ ಮಾಡಿತು. ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೀನ್ಯಾ, ನೈಜೀರಿಯಾ. ಈ ಸಲ ಆಸ್ಪತ್ರೆಗಳಲ್ಲಿ ಮಾತ್ರ. ವಾರವನ್ನು ಅಲ್ಟ್ರಾಸೌಂಡ್‌ನಿಂದ ಖಚಿತ ಮಾಡಿಕೊಂಡು, 26ರಿಂದ 34 ವಾರದ ಒಳಗಿನವರಿಗೆ ಮಾತ್ರ. 2852 ತಾಯಂದಿರು. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ತಂಡ ಇದರಲ್ಲೂ ಇತ್ತು. 2020ರಲ್ಲಿ ಬಂದ ಫಲಿತಾಂಶ ನೋಡಿ: ಇಂಜೆಕ್ಷನ್ ಪಡೆದವರ ಮಕ್ಕಳಲ್ಲಿ ಮೊದಲ 28 ದಿನದ ಸಾವು ನೂರಕ್ಕೆ 19.6, ಪಡೆಯದವರ ಮಕ್ಕಳಲ್ಲಿ 23.5. ಅದೇ ಜಾತಿಯ ಮದ್ದು, ಅಂಥದೇ ಬಡ ದೇಶಗಳು. ಆಸ್ಪತ್ರೆಯ ಆರೈಕೆಯೂ ಫಲಿತಾಂಶವನ್ನು ಬದಲಿಸಿರಬಹುದು, ಅದನ್ನು ಮರೆಯಬಾರದು. ಆದರೆ ಯಾರಿಗೆ ಎಷ್ಟು ವಾರ ಎಂದು ಗೊತ್ತಿತ್ತು ಅನ್ನುವುದು ಎರಡರ ನಡುವಿನ ಬಹು ದೊಡ್ಡ ವ್ಯತ್ಯಾಸ. ಆ ಮದ್ದು ಕೊಡಬೇಕಾದರೆ ವಾರದ ಲೆಕ್ಕ ಖಚಿತ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಷರತ್ತು ಹಾಕಿರುವುದು ಇದಕ್ಕೇ. ನಮ್ಮ ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿ 24ರಿಂದ 34 ವಾರದೊಳಗೆ ನೋವು ಬಂದವರಿಗೆ ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲು ಎಎನ್‌ಎಂ ಸಿಸ್ಟರ್ ಕೂಡ ಡೆಕ್ಸಾಮೆಥಾಸೋನ್ ಕೊಡಬಹುದು ಎನ್ನುತ್ತದೆ. ಆ ಸಿಸ್ಟರ್ ಕೈಯಲ್ಲಿ ಇರುವುದು ತಾಯಿ ಕಾರ್ಡ್ ಮಾತ್ರ. ಅದರಲ್ಲಿರುವ ಡೇಟ್ ತಪ್ಪಿದ್ದರೆ ಅವರು ಏನು ಮಾಡಲು ಸಾಧ್ಯ?

2020ರಲ್ಲಿ ಜಗತ್ತಿನಲ್ಲಿ 1 ಕೋಟಿ 34 ಲಕ್ಷ ಮಕ್ಕಳು ದಿನ ತುಂಬದೆ ಹುಟ್ಟಿದವು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಜೊತೆಯವರ ಅಂದಾಜು. ಅದರಲ್ಲಿ ಸುಮಾರು 30 ಲಕ್ಷ ಭಾರತದಲ್ಲಿ. ಯಾವ ದೇಶಕ್ಕೂ ಇಷ್ಟು ದೊಡ್ಡ ಪಾಲಿಲ್ಲ.

24 ವಾರದೊಳಗೆ ಪ್ರತಿಯೊಬ್ಬ ಬಸುರಿಗೂ ಒಂದು ಸ್ಕ್ಯಾನ್ ಆಗಲೇಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿತು. 24 ಎಂಬುದು ಕೊನೆಯ ಗೆರೆ, ಒಳ್ಳೆಯ ಹೊತ್ತು ಅದಕ್ಕಿಂತ ಎಷ್ಟೋ ಮೊದಲು. ಅದೇ ವರ್ಷ ನಮ್ಮಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಶುರುವಾಯಿತು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ತಪಾಸಣೆ. ಬಹಳ ಒಳ್ಳೆಯ ಯೋಜನೆ. ಆದರೆ ಅದು ನಾಲ್ಕನೇ ತಿಂಗಳಿಂದ ಮುಂದಿನವರಿಗೆ ಎಂದು ರೂಪಿಸಿದ್ದು. ಡೇಟ್ ಹಿಡಿಯಲು ಅತ್ಯುತ್ತಮ ಕಿಟಕಿ ಅಷ್ಟರಲ್ಲಿ ಮುಚ್ಚುತ್ತಾ ಬಂದಿರುತ್ತದೆ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ನೂರರಲ್ಲಿ 70 ತಾಯಂದಿರು ಮೊದಲ ಮೂರು ತಿಂಗಳಲ್ಲಿ ತಪಾಸಣೆಗೆ ಹೋಗಿದ್ದರು. ಉಳಿದ 30 ಜನ ಯಾರು ಎಂದು ಊಹಿಸಲು ಕಷ್ಟವಿಲ್ಲ.

ಬೆಂಗಳೂರಿನಲ್ಲಿ ಅವರು ಪೀಣ್ಯದ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿದ್ದಾರೆ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದು ಕಟ್ಟಡ ಕಟ್ಟುವ ಶೆಡ್ಡುಗಳಲ್ಲಿದ್ದಾರೆ. ಬೆಳಿಗ್ಗೆ ಆಸ್ಪತ್ರೆಗೆ ಹೋದರೆ ಚೀಟಿ ಮಾಡಿಸಿ, ಡಾಕ್ಟರ್ ನೋಡಿ, ಸ್ಕ್ಯಾನಿಗೆ ಬರೆಸಿಕೊಂಡು ಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋಯಿತು. ಸ್ಕ್ಯಾನಿನ ಸರದಿಗೆ ಇನ್ನೊಂದು ದಿನ. ವಾಣಿ ವಿಲಾಸದಂಥ ಆಸ್ಪತ್ರೆಯ ಕಾರಿಡಾರಿನಲ್ಲಿ ಬೆಳಿಗ್ಗೆ ಒಮ್ಮೆ ನಿಂತು ನೋಡಿದರೆ ಸಾಕು, ಯಂತ್ರ ಇದ್ದೂ ಸಾಲದಿರುವುದು ಅಂದರೆ ಏನು ಎಂದು ತಿಳಿಯುತ್ತದೆ. ವೈದ್ಯಕೀಯ ಲೇಖನಗಳು ಸೌಕರ್ಯ ಕಡಿಮೆ ಇರುವ ಜಾಗ ಎಂದಾಗ ನಮಗೆ ದೂರದ ಆಫ್ರಿಕಾದ ಹಳ್ಳಿ ಕಣ್ಣಿಗೆ ಬರುತ್ತದೆ. ಆ ಜಾಗ ನಮ್ಮ ಬೀದಿಯ ತುದಿಯಲ್ಲೂ ಇದೆ.

ಇನ್ನೊಂದು ಕಾರಣ ನಮ್ಮ ಮನೆಗಳ ಒಳಗಿದೆ. "ಮೂರು ತಿಂಗಳು ತುಂಬೋವರೆಗೂ ಯಾರಿಗೂ ಹೇಳಬೇಡ" ಎಂದು ಹಿರಿಯರು ಹೇಳುತ್ತಾರೆ. ದೃಷ್ಟಿಯಾದೀತು, ಇಳಿದುಹೋದರೆ ಆಡಿಕೊಂಡಾರು ಎಂಬ ಭಯ. ಆ ಭಯದ ಹಿಂದಿನ ಅಕ್ಕರೆ ನನಗೆ ಅರ್ಥವಾಗುತ್ತದೆ. ಆದರೆ ಆಶಾ ಕಾರ್ಯಕರ್ತೆಗೂ ಹೇಳದೆ ಇದ್ದರೆ, ಲೆಕ್ಕ ಸರಿಯಾಗಿ ಸಿಗುವ ವಾರಗಳೇ ಕಳೆದುಹೋಗುತ್ತವೆ. ನೆಂಟರಿಗೆ ಹೇಳಬೇಡಿ, ಸಿಸ್ಟರಿಗೆ ಹೇಳಿ. ಇಷ್ಟು ಬದಲಾದರೂ ಸಾಕು.

ಯಂತ್ರವನ್ನೇ ಶೆಡ್ಡಿನ ಬಳಿ ಒಯ್ಯಬಾರದಾ? ತಂತ್ರಜ್ಞಾನದ ಮಟ್ಟಿಗೆ ಅದು ಈಗ ಸಾಧ್ಯ. ಫೋನಿಗೆ ಚುಚ್ಚಿ ಬಳಸುವ ಪ್ರೋಬ್‌ಗಳು ಬಂದಿವೆ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ತಂಡ ಜಾಂಬಿಯಾದ ಲುಸಾಕಾದಲ್ಲಿ ಮತ್ತು ತನ್ನ ಊರಲ್ಲಿ ಒಂದು ಪ್ರಯೋಗ ಮಾಡಿತು. ಸ್ಕ್ಯಾನಿಂಗ್ ಕಲಿಯದವರ ಕೈಗೆ ಪ್ರೋಬ್ ಕೊಟ್ಟರು. ಅವರು ಮಗುವಿನ ತಲೆ ಎಲ್ಲಿ, ಕಾಲು ಎಲ್ಲಿ ಎಂದು ಹುಡುಕಬೇಕಿಲ್ಲ. ಹೊಟ್ಟೆಯ ಮೇಲೆ ಉದ್ದಕ್ಕೂ ಅಡ್ಡಕ್ಕೂ ಸುಮ್ನೆ ಎಳೆದರೆ ಆಯಿತು. ಒಳಗಿನ ಕೃತಕ ಬುದ್ಧಿಮತ್ತೆ ವಾರವನ್ನು ಹೇಳುತ್ತದೆ. 14ರಿಂದ 27 ವಾರದ 400 ಹೆಂಗಸರಲ್ಲಿ ಅದರ ಸರಾಸರಿ ತಪ್ಪು 3.2 ದಿನ. ದೊಡ್ಡ ಯಂತ್ರ ಹಿಡಿದ ತಜ್ಞರದು 3.0 ದಿನ. 2024ರಲ್ಲಿ ಇದು ಪ್ರಕಟವಾದಾಗ ನಾನು ಎರಡೆರಡು ಸಲ ಓದಿದೆ. ಒಂದು ಚಿಕ್ಕ ಪ್ರೋಬ್, ಸ್ವಲ್ಪ ತರಬೇತಿ, ಅಷ್ಟರಿಂದ ನಾಲ್ಕು ದಿನದ ಒಳಗಿನ ಲೆಕ್ಕ!

ಆದರೆ ಭಾರತದಲ್ಲಿ ಇದನ್ನು ಆಶಾ ಕಾರ್ಯಕರ್ತೆಯ ಬ್ಯಾಗಿಗೆ ಹಾಕಿ ಕಳಿಸುವ ಹಾಗಿಲ್ಲ. 1994ರ ಲಿಂಗ ಪತ್ತೆ ತಡೆ ಕಾಯ್ದೆಯ ಪ್ರಕಾರ ಪ್ರತಿ ಯಂತ್ರಕ್ಕೂ ನೋಂದಣಿ ಬೇಕು, ಪ್ರತಿ ಬಸುರಿಯ ಸ್ಕ್ಯಾನಿಗೂ ಫಾರಂ ಎಫ್ ತುಂಬಬೇಕು, ಸ್ಕ್ಯಾನ್ ಮಾಡುವವರು ಅರ್ಹ ವೈದ್ಯರೇ ಆಗಿರಬೇಕು. ಎತ್ತಿಕೊಂಡು ಹೋಗುವ ಯಂತ್ರಗಳ ಮೇಲೆ ಇನ್ನೂ ಬಿಗಿ ನಿಯಮ. ಈ ಬಿಗಿ ಸುಮ್ಮನೆ ಬಂದದ್ದಲ್ಲ. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಒಂದು ಜಾಲವನ್ನು ಬಯಲಿಗೆಳೆದರು. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಯಂತ್ರ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದರು. ಬೆಲ್ಲ ಕಾಯಿಸುವ ಜಾಗದಲ್ಲಿ! ಆ ಸುದ್ದಿ ಓದಿದ ಮೇಲೆ "ಕಾನೂನು ಸಡಿಲ ಮಾಡಿ" ಎಂದು ಹಗುರವಾಗಿ ಬರೆಯಲು ನನಗೆ ಕೈ ಬರುವುದಿಲ್ಲ.

ಹಾಗಂತ ಬಾಗಿಲು ಮುಚ್ಚಿ ಕೂರಬೇಕಿಲ್ಲ. ಕುರುಡಾಗಿ ಎಳೆದು ಲೆಕ್ಕ ಹೇಳುವ ಸಾಧನಕ್ಕೆ ಪರದೆಯ ಮೇಲೆ ಚಿತ್ರ ತೋರಿಸುವ ಅಗತ್ಯವೇ ಇಲ್ಲ. ವಾರದ ಸಂಖ್ಯೆ ಒಂದನ್ನೇ ಹೇಳುವಂತೆ, ಚಿತ್ರವನ್ನು ಬೀಗ ಹಾಕಿ ಇಡುವಂತೆ ಅದನ್ನು ಮಾಡಬಹುದು. ಬೀಗ ಒಡೆಯುವವರು ಇರುತ್ತಾರೆ ಎಂಬ ಭಯ ನಿಜ. ಅದಕ್ಕೇ ಇದನ್ನು ಮೊದಲು ನೋಂದಣಿಯಾದ ಸರ್ಕಾರಿ ಹೆರಿಗೆ ಆಸ್ಪತ್ರೆಗಳ ಒಳಗೆ, ವೈದ್ಯರ ಉಸ್ತುವಾರಿಯಲ್ಲಿ ಪರೀಕ್ಷಿಸಿ ನೋಡಬೇಕು. ಸಾಲು ಕರಗಿದರೆ ಅಷ್ಟೇ ದೊಡ್ಡ ಲಾಭ.

ಯಾವ ಕೋಷ್ಟಕ ಬಳಸಬೇಕು ಎಂಬ ಚರ್ಚೆಯೂ ನಡೆದಿದೆ. ಬಹಳಷ್ಟು ಯಂತ್ರಗಳಲ್ಲಿರುವುದು ಹ್ಯಾಡ್‌ಲಾಕ್ ಸೂತ್ರ, 1984ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಅಲ್ಲಿನ ತಾಯಂದಿರ ಅಳತೆಯಿಂದ ಮಾಡಿದ್ದು. ಐಐಟಿ ಮದ್ರಾಸ್ ಮತ್ತು ಫರೀದಾಬಾದಿನ ಸಂಶೋಧಕರು ಗುರುಗ್ರಾಮದ ಸರ್ಕಾರಿ ಆಸ್ಪತ್ರೆಯ ತಾಯಂದಿರ ಅಳತೆಯಿಂದ 2024ರಲ್ಲಿ ಗರ್ಭಿಣಿ-ಜಿಎ2 ಎಂಬ ಭಾರತೀಯ ಸೂತ್ರ ಕೊಟ್ಟಿದ್ದಾರೆ. ಇನ್ನೊಂದು ಕಡೆ, ನಾಗಪುರವೂ ಸೇರಿ ಎಂಟು ದೇಶಗಳಲ್ಲಿ ನಡೆದ ಇಂಟರ್‌ಗ್ರೋತ್ ಅಧ್ಯಯನ, ಊಟ ಆರೈಕೆ ಚೆನ್ನಾಗಿರುವ ತಾಯಂದಿರ ಮಕ್ಕಳು ಎಲ್ಲ ದೇಶದಲ್ಲೂ ಒಂದೇ ಥರ ಬೆಳೆಯುತ್ತವೆ ಎಂದು ತೋರಿಸಿತು. ನಮ್ಮದೇ ಸೂತ್ರ ಇರುವುದು ಒಳ್ಳೆಯದೇ. ಆದರೆ ಸೂತ್ರ ಬದಲಿಸಿದರೆ ಉಳಿಯುವುದು ಕೆಲವು ದಿನ, ಸ್ಕ್ಯಾನ್ ಬೇಗ ಮಾಡಿದರೆ ಉಳಿಯುವುದು ಕೆಲವು ವಾರ.

ಯಂತ್ರ ತಂದಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಗೂ ಪೆಟ್ಟು ಬಿದ್ದಿದೆ. ಕಾಂಗೋ, ಗ್ವಾಟೆಮಾಲಾ, ಕೀನ್ಯಾ, ಪಾಕಿಸ್ತಾನ, ಜಾಂಬಿಯಾಗಳಲ್ಲಿ ನರ್ಸುಗಳಂಥ ಸಿಬ್ಬಂದಿಗೆ ಸ್ಕ್ಯಾನಿಂಗ್ ಕಲಿಸಿ ಎಲ್ಲ ಬಸುರಿಯರಿಗೂ ಮಾಡಿಸಿದರು. 2018ರಲ್ಲಿ ಬಂದ ಫಲಿತಾಂಶದಲ್ಲಿ ತಾಯಿ ಮಗುವಿನ ಸಾವು ಕಡಿಮೆಯಾಗಲಿಲ್ಲ, ತಪಾಸಣೆಗೆ ಬರುವವರೂ ಹೆಚ್ಚಲಿಲ್ಲ. ತೊಂದರೆ ಗೊತ್ತಾದ ಮೇಲೆ ನೋಡಿಕೊಳ್ಳುವ ಆಸ್ಪತ್ರೆ, ರಕ್ತ, ಡಾಕ್ಟರ್, ವಾಹನ ಇಲ್ಲದಿದ್ದರೆ ಸ್ಕ್ಯಾನ್ ಒಂದು ಚಿತ್ರವಾಗಿ ಉಳಿಯುತ್ತದೆ. ಬೆಂಗಳೂರಿನಲ್ಲಿ ಆ ಆಸ್ಪತ್ರೆಗಳು ಇವೆ. ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ ಎಂದು ಅದೇ ರಾಷ್ಟ್ರೀಯ ಸಮೀಕ್ಷೆ ಹೇಳಿದೆ. ಹಾಗಾಗಿ ನಮ್ಮಲ್ಲಿ ಸರಿಯಾದ ಡೇಟ್ ಸಿಕ್ಕರೆ ಅದರಿಂದ ಕೆಲಸ ಆಗುತ್ತದೆ. ಸಿಗದೆ ಹೋದರೆ ಅದು ನಮ್ಮ ನಿರ್ಲಕ್ಷ್ಯ.

ಏನು ಮಾಡಬಹುದು ಎಂದರೆ ದೊಡ್ಡ ಖರ್ಚಿನ ಮಾತೇ ಬೇಡ. ಮೂತ್ರ ಪರೀಕ್ಷೆಯಲ್ಲಿ ಎರಡು ಗೆರೆ ಕಂಡ ದಿನವೇ, ಸರ್ಕಾರದ 'ನಮ್ಮ ಕ್ಲಿನಿಕ್‌'ನಲ್ಲಾಗಲಿ ಹೆರಿಗೆ ಆಸ್ಪತ್ರೆಯಲ್ಲಾಗಲಿ, 14 ವಾರದೊಳಗಿನ ಸ್ಕ್ಯಾನಿಗೆ ತಾರೀಖು ಬರೆದು ಕೊಡಬೇಕು. ಸಾಲಿನಲ್ಲಿ ಅವರಿಗೆ ಮೊದಲ ಆದ್ಯತೆ ಇರಬೇಕು. ಎಂಟನೇ ತಿಂಗಳ ಸ್ಕ್ಯಾನ್ ಒಂದು ವಾರ ತಡೆಯಬಹುದೇನೋ, ಹನ್ನೆರಡನೇ ವಾರದ್ದು ತಡೆಯುವುದಿಲ್ಲ. ಆ ಸ್ಕ್ಯಾನಿನ ಡೇಟನ್ನು ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಯಬೇಕು. ಯಾವ ತಾರೀಖು ಮಾಡಿದ್ದು, ಅವತ್ತಿಗೆ ಎಷ್ಟು ವಾರ ಎಷ್ಟು ದಿನ ಇತ್ತು ಎಂದೂ ಪಕ್ಕದಲ್ಲಿ ಬರೆಯಬೇಕು. ಮುಂದಿನ ಯಾವ ಸ್ಕ್ಯಾನಿನ ಡೇಟೂ ಅದರ ಮೇಲೆ ಬರಬಾರದು. ಸ್ಕ್ಯಾನಿಂಗ್ ಸೆಂಟರುಗಳು ಹಳೆಯ ರಿಪೋರ್ಟ್ ಕೇಳದೆ ಹೊಸ ಹೆರಿಗೆ ದಿನ ಅಚ್ಚು ಹಾಕುವುದನ್ನು ನಿಲ್ಲಿಸಬೇಕು. "ಹಿಂದಿನ ಲೆಕ್ಕದಲ್ಲಿ ಇಷ್ಟು ವಾರ, ಇವತ್ತಿನ ಬೆಳವಣಿಗೆ ಇಷ್ಟು" ಎಂದು ಬರೆದರೆ ಸಾಕು.

ಆ ಕಾಗದ ಊರು ದಾಟುತ್ತದೆ ಎಂಬುದನ್ನೂ ಮರೆಯಬಾರದು. ಏಳನೇ ತಿಂಗಳಿಗೆ ಸೀಮಂತ ಮುಗಿಸಿ ತವರಿಗೆ ಹೋಗುವುದು ನಮ್ಮ ರೂಢಿ. ಬೆಂಗಳೂರಿನ ಮೊದಲ ರಿಪೋರ್ಟ್ ಶೆಡ್ಡಿನ ಟ್ರಂಕಿನಲ್ಲಿ ಉಳಿಯುತ್ತದೆ, ಹೆರಿಗೆ ನೋವು ಯಾದಗಿರಿಯಲ್ಲಿ ಬರುತ್ತದೆ. ಅಲ್ಲಿನ ಡಾಕ್ಟರ್ ಮತ್ತೆ ಹೊಟ್ಟೆ ಮುಟ್ಟಿ ಅಂದಾಜು ಮಾಡಬೇಕಾಗುತ್ತದೆ. ಮೊದಲ ಸ್ಕ್ಯಾನಿನ ರಿಪೋರ್ಟನ್ನು ಫೋನಿನಲ್ಲಿ ಫೋಟೊ ತೆಗೆದು ಗಂಡನಿಗೆ, ಅಮ್ಮನಿಗೆ ವಾಟ್ಸ್‌ಆ್ಯಪ್ ಮಾಡಿ ಇಡಿ. ಇದನ್ನು ನಾನು ಈಗ ಸಿಕ್ಕ ಬಸುರಿಯರಿಗೆಲ್ಲ ಹೇಳುತ್ತೇನೆ.

ಶಹಾಪುರದ ಹುಡುಗಿ ಮರುದಿನವೇ ಹೋದಳು. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಮೂರೂ ಕಾಗದ ಪಕ್ಕಪಕ್ಕ ಇಟ್ಟು ನೋಡಿ ಎರಡು ಡೇಟಿನ ಮೇಲೆ ಗೆರೆ ಎಳೆದರಂತೆ. ನವೆಂಬರ್ 7ಕ್ಕೆ ಸುತ್ತು ಹಾಕಿದರಂತೆ. ಮಗು ಸಣ್ಣದಿದೆ, ಕೆಲಸ ಬಿಡು, ವಾರ ವಾರ ಬಾ ಎಂದರು. ಬಳ್ಳಿಯ ರಕ್ತ ಸಂಚಾರ ನೋಡುತ್ತಾ ಬಂದರು. ಅಕ್ಟೋಬರ್ 24ಕ್ಕೆ 38 ವಾರ ತುಂಬಿತು. ಅವತ್ತು ಸೇರಿಸಿಕೊಂಡು ನೋವು ಬರಿಸಿದರು. ನವೆಂಬರ್ 23ರ ಡೇಟನ್ನೇ ನಂಬಿದ್ದರೆ ಅವತ್ತಿಗೆ 36 ವಾರವೂ ಆಗಿರುತ್ತಿರಲಿಲ್ಲ. ಯಾರೂ ಕೈ ಹಾಕುತ್ತಿರಲಿಲ್ಲ, ಮಗು ಇನ್ನೂ ಎರಡು ಮೂರು ವಾರ ಸೊರಗುತ್ತಾ ಒಳಗೇ ಇರುತ್ತಿತ್ತು. ಹೆಣ್ಣು ಮಗು, 2 ಕೆಜಿ 100 ಗ್ರಾಂ. ಗಾಜಿನ ಪೆಟ್ಟಿಗೆ ಬೇಕಾಗಲಿಲ್ಲ. ನಾಲ್ಕನೇ ದಿನ ಆಟೊದಲ್ಲಿ ಶೆಡ್ಡಿಗೆ ಬಂದಳು. ಪ್ಲಾಸ್ಟಿಕ್ ಕವರ್ ಮಗುವಿನ ಬಟ್ಟೆಯ ಜೊತೆ ಕಂಕುಳಲ್ಲೇ ಇತ್ತು.